ಒಂಬತ್ತು ಸೆಕೆಂಡು

"ಕಳಿಸಿ ಟೀಚರ್, ಈ ಭಾನುವಾರದಿಂದಲೇ ಕಳಿಸಿ" ಎಂದು ಕಂಪ್ಯೂಟರಿನ ಸ್ಪೀಕರು ಹೇಳುವಷ್ಟರಲ್ಲಿ ಪಂಕಜಾಕ್ಷಿ ಟೀಚರು ಅಂಗಳ ದಾಟಿ ಆಟೋ ಹತ್ತಿಯಾಗಿತ್ತು. ಆಟೋದ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ.

ತಿರುಮಲೇಶ್ವರ ಮಾಷ್ಟ್ರು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹಾಗೆಯೇ ಕುಳಿತರು. ಹತ್ತನೆಯ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳಿಗೆ ಪರೀಕ್ಷೆಗೆ ಒಂದೇ ತಿಂಗಳು ಉಳಿದಿತ್ತು. ಹಳಗನ್ನಡ ಪದ್ಯ ಬಿಡಿಸಿ ಹೇಳುವವರು ಶಾಲೆಯಲ್ಲಿ ಯಾರೂ ಇಲ್ಲ, ಮಕ್ಕಳನ್ನು ಭಾನುವಾರ ಇಲ್ಲಿಗೇ ಕಳಿಸಲೇ ಎಂದು ಕೇಳಲು ಹೆಡ್ ಟೀಚರ್ ಪಂಕಜಾಕ್ಷಿಯವರೇ ಮಧೂರಿನ ಮನೆಯ ತನಕ ಬಂದಿದ್ದರು. ಮಾಷ್ಟ್ರು ಉತ್ತರ ಟೈಪು ಮಾಡಿ ಮುಗಿಸಿದ್ದರು ಕೂಡ. ಆದರೆ ಅದು ಧ್ವನಿಯಾಗಿ ಹೊರಬರುವ ಮೊದಲೇ ಹೆಂಡತಿ ಸೌದಾಮಿನಿ, "ಇವರಿಂದ ಎಲ್ಲಿ ಆಗ್ತದೆ ಟೀಚರ್? ಆಯಾಸ ಆಗ್ತದೆ. ಬೇಜಾರು ಮಾಡ್ಬೇಡಿ" ಎಂದು ಮಾತು ಮುಗಿಸಿಬಿಟ್ಟಿದ್ದಳು.

ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆದಾಗ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಮಾಷ್ಟ್ರು ಉಸಿರಾಡುವುದು ಕೊರಳಿನ ತೂತಿನಿಂದ. ಅದರ ಮೇಲೊಂದು ಬಿಳಿ ಬಟ್ಟೆ. ಕೊರೋನಾ ಕಾಲದಲ್ಲಿ ಅವರು ಮಕ್ಕಳಿಗೆಂದು ರೆಕಾರ್ಡ್ ಮಾಡಿದ ಪಾಠಗಳು ಹಾಗೆಯೇ ಉಳಿದಿದ್ದವು. ಹಳೆಯ ಶಿಷ್ಯ ವಿನೀತ್ ಅವನ್ನೆಲ್ಲ ಸೇರಿಸಿ ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದ. ಟೈಪು ಮಾಡಿದರೆ ಕಂಪ್ಯೂಟರು ಮಾಷ್ಟ್ರ ಸ್ವಂತ ಧ್ವನಿಯಲ್ಲೇ ಮಾತಾಡುತ್ತದೆ. ಮೊದಲ ದಿನ ಅದನ್ನು ಕೇಳಿ ಸೌದಾಮಿನಿ ಒಳಗೆ ಹೋಗಿ ಅತ್ತಿದ್ದಳು.

ಆದರೆ ಒಂದು ವಾಕ್ಯಕ್ಕೆ ಒಂಬತ್ತು ಸೆಕೆಂಡು ಬೇಕು. ಅಷ್ಟರೊಳಗೆ ಮನೆಯ ಮಾತು ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಸೌದಾಮಿನಿಯದ್ದು ದರ್ಪವೇನಲ್ಲ. ಎರಡು ವರ್ಷ ಡಾಕ್ಟರರಿಗೆ, ನೆಂಟರಿಗೆ, ಮದ್ದಿನ ಅಂಗಡಿಯವನಿಗೆ ಗಂಡನ ಪರವಾಗಿ ಹೇಳಿ ಹೇಳಿ ಅವಳಿಗೆ ಅದೇ ರೂಢಿಯಾಗಿತ್ತು. ಹಿಂದೆ ಇಬ್ಬರೂ ಜೋರು ಜಗಳವಾಡುತ್ತಿದ್ದರು. ಈಗ ಜಗಳಕ್ಕೂ ಮಾಷ್ಟ್ರು ತಡವಾಗಿ ಮುಟ್ಟುತ್ತಿದ್ದರು.

ಟೀಚರು ಬಂದು ಹೋದ ದಿನವೇ ಅವರು ಅಶ್ಮಿತಾಳಿಗೆ ಮೆಸೇಜ್ ಕಳಿಸಿದರು.

ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಶ್ಮಿತಾ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಸ್ಕೂಟರಿನಲ್ಲಿ ಬಂದಳು. ಅವಳೂ ಮಾಷ್ಟ್ರ ಶಿಷ್ಯೆಯೇ.

"ಪ್ರೊಸೆಸರಿಗೆ ಕಂಪೆನಿಯವರು ಒಂದು ವೇಗ ಇಟ್ಟಿರ್ತಾರೆ ಮಾಷ್ಟ್ರೇ. ನಿಮ್ಮದನ್ನು ಅದಕ್ಕಿಂತ ಸ್ವಲ್ಪ ಜೋರು ಓಡಿಸ್ಲಿಕ್ಕೆ ಆಗ್ತದೆ. ಆದ್ರೆ ಒಂಬತ್ತು ಸೆಕೆಂಡು ಇದ್ದದ್ದು ಎರಡಾಗ್ತದೆ ಅಂತ ಆಸೆ ಇಟ್ಕೊಳ್ಬೇಡಿ. ಒಂದು, ಒಂದೂವರೆ ಸೆಕೆಂಡು ಕಮ್ಮಿ ಆದೀತು."

ಅಷ್ಟಾದರೂ ಆಗಲಿ ಎಂದು ಮಾಷ್ಟ್ರು ಕೈಸನ್ನೆ ಮಾಡಿದರು.

ಅವಳು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಧೂಳು ಹಾರಿಸಿದಳು. ಪ್ರೊಸೆಸರಿನ ಮೇಲೆ ಒಣಗಿ ಕೂತಿದ್ದ ಹಳೆ ಪೇಸ್ಟನ್ನು ಒರೆಸಿ, ಹೊಸದು ಹಚ್ಚಿ, ತಾನು ತಂದಿದ್ದ ದೊಡ್ಡ ಫ್ಯಾನನ್ನು ಕೂರಿಸಿದಳು. ಆಮೇಲೆ ನಾಲ್ಕು ಗಿಗಾಹರ್ಟ್ಸಿನಿಂದ ಒಂದೊಂದೇ ಹೆಜ್ಜೆ ಮೇಲೆ ಹೋದಳು. ಪ್ರತಿ ಹೆಜ್ಜೆಗೂ ಹತ್ತು ನಿಮಿಷ ಪ್ರೊಸೆಸರಿಗೆ ಕಷ್ಟದ ಲೆಕ್ಕ ಕೊಟ್ಟು, ಬಿಸಿ ಎಷ್ಟಾಯಿತೆಂದು ನೋಡಿ ಚೀಟಿಯಲ್ಲಿ ಬರೆದಿಡುತ್ತಿದ್ದಳು. ನಾಲ್ಕು ದಶಮಾಂಶ ಎಂಟಕ್ಕೆ ಮುಟ್ಟಿದಾಗ ಮಾಷ್ಟ್ರ ವಾಕ್ಯ ಏಳೂವರೆ ಸೆಕೆಂಡಿಗೆ ಹೊರಬಿತ್ತು. ಮಾಷ್ಟ್ರು ಮೇಜು ಬಡಿದು ನಕ್ಕರು, ಸದ್ದಿಲ್ಲದ ನಗು.

"ನಿಲ್ಲಿ, ದೊಡ್ಡ ಪರೀಕ್ಷೆ ಆಗ್ಲಿಲ್ಲ ಇನ್ನೂ. ನಾಲ್ಕು ಗಂಟೆ ಓಡ್ಬೇಕು."

ಐವತ್ತು ನಿಮಿಷಕ್ಕೆ ಪರದೆಯಲ್ಲಿ ಕೆಂಪು ಗೆರೆಯೊಂದು ಬಂತು. ಪ್ರೊಸೆಸರಿನೊಳಗಿನ ಆರು ಕೋರುಗಳಲ್ಲಿ ಒಂದು ಲೆಕ್ಕ ತಪ್ಪಿತ್ತು.

"ಇದು ಆಗುದಿಲ್ಲ ಮಾಷ್ಟ್ರೇ, ಇಳಿಸುವ. ವೋಲ್ಟೇಜ್ ಏರಿಸಿದ್ರೆ ಪಾಸಾದೀತು, ಆದ್ರೆ ಬಿಸಿ ಈಗ್ಲೇ ತೊಂಬತ್ತು ಡಿಗ್ರಿಯ ಹತ್ರ ಉಂಟು. ಪ್ರೊಸೆಸರಿಗೇ ಪೆಟ್ಟು."

ಮಾಷ್ಟ್ರು ಚೀಟಿಯ ಹಿಂದೆ ಬರೆದರು: 'ಒಂದೇ ತಪ್ಪಲ್ಲವಾ? ಇರಲಿ ಬಿಡು.'

"ಒಂದೇ ತಪ್ಪು ಅಂತ ನೀವು ನಮ್ಮನ್ನು ಬಿಡ್ತಾ ಇದ್ರಾ?" ಎಂದಳು ಅಶ್ಮಿತಾ. ಅಷ್ಟರಲ್ಲಿ ಸೌದಾಮಿನಿ ಒಳಗಿನಿಂದ ಊಟಕ್ಕೆ ಕರೆದದ್ದರಿಂದ ಮಾತು ಅಲ್ಲಿಗೇ ನಿಂತಿತು. ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಳು.

ವೇಗವನ್ನು ಇನ್ನೂ ಇಳಿಸಿರಲಿಲ್ಲ. ಮಾಷ್ಟ್ರಿಗೆ ತಡೆಯಲಾಗಲಿಲ್ಲ. ಸೌದಾಮಿನಿ ಬಾಗಿಲಲ್ಲಿ ನಿಂತು, "ಅನ್ನ ಬಡಿಸಿದ್ದೇನೆ, ಬನ್ನಿ" ಎಂದು ಮತ್ತೆ ಕರೆದಳು. ಅವರು ಪರೀಕ್ಷೆಯನ್ನು ಮುಚ್ಚಿ, ಮೂರು ವಾಕ್ಯಗಳನ್ನು ಒಟ್ಟಿಗೇ ಟೈಪು ಮಾಡಿ ಗುಂಡಿ ಒತ್ತಿದರು. ಒಂದು ವಾಕ್ಯ ಹೇಳುತ್ತಿರುವಾಗಲೇ ಮುಂದಿನದ್ದನ್ನು ತಯಾರಿಸುವುದು ಆ ಪ್ರೋಗ್ರಾಮಿನ ಕ್ರಮ.

"ಮಕ್ಕಳು ಬರಲಿ ಸೌದಾಮಿನಿ," ಎಂದಿತು ಧ್ವನಿ. ಒಳಗೆ ಹೊರಟಿದ್ದವಳು ತಿರುಗಿ ನೋಡಿದಳು. "ನನಗೆ ಬೇ, ಬೇ, ಬೇ, ಬೇ..."

ಪರದೆ ನಿಂತುಹೋಗಿತ್ತು. ಮೌಸು ಅಲುಗಲಿಲ್ಲ. ಮಾಷ್ಟ್ರ ಧ್ವನಿಯ ಆ ಒಂದು ಚೂರು ಮಾತ್ರ ಬಿಡುವಿಲ್ಲದೆ ಬಡಿಯುತ್ತಿತ್ತು. ಸೌದಾಮಿನಿ ಓಡಿ ಬಂದಳು. ಅವಳು ಕಂಪ್ಯೂಟರನ್ನು ಮುಟ್ಟಲಿಲ್ಲ. ಒಂದು ಕೈಯಲ್ಲಿ ಗಂಡನ ಬೆನ್ನು ಹಿಡಿದು ಇನ್ನೊಂದರಲ್ಲಿ ಕೊರಳಿನ ಬಟ್ಟೆ ಸರಿಸಿ, "ಉಸಿರು ತಕ್ಕೊಳ್ಳಿ, ಉಸಿರು ತಕ್ಕೊಳ್ಳಿ" ಎಂದು ಕೂಗತೊಡಗಿದಳು. ಮಾಷ್ಟ್ರು ಚೆನ್ನಾಗಿಯೇ ಉಸಿರಾಡುತ್ತಿದ್ದರು. ಅವಳಿಗೆ ಅದು ಕಾಣಲಿಲ್ಲ.

ಅಶ್ಮಿತಾ ಒದ್ದೆ ಕೈಯಲ್ಲೇ ಓಡಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳಲು ಹೋಗಿ, ತೊಟ್ಟಿರುವುದು ಚೂಡಿದಾರವೆಂದು ನೆನಪಾಗಿ, ಅಂಗೈಯನ್ನು ಪ್ಯಾಂಟಿಗೆ ಉಜ್ಜಿ ಸ್ವಿಚ್ ಆರಿಸಿದಳು.

ಸದ್ದು ನಿಂತ ಮೇಲೂ ಸೌದಾಮಿನಿಯ ಕೈ ಗಂಡನ ಬೆನ್ನಿನ ಮೇಲೇ ಇತ್ತು. "ಆಸ್ಪತ್ರೆಯಲ್ಲಿ ಉಸಿರಿನ ಟ್ಯೂಬ್ ಬ್ಲಾಕ್ ಆದ ದಿನ ಹೀಗೇ ಆಗಿತ್ತು," ಎಂದಳು ಅಶ್ಮಿತಾಳ ಕಡೆ ನೋಡದೆ. "ಎಂತದೋ ಹೇಳ್ಲಿಕ್ಕೆ ನೋಡ್ತಾ ಇದ್ರು. ನನಗೆ ಗೊತ್ತೇ ಆಗ್ಲಿಲ್ಲ. ಸಿಸ್ಟರನ್ನು ಕರೆಯುವಾಗ ತಡ ಆಯ್ತು." ಆಮೇಲೆ ಗಂಡನ ಕಡೆ ತಿರುಗಿ ಕೇಳಿದಳು: "ಈಗ ಎಂತ ಹೇಳ್ಲಿಕ್ಕೆ ಹೊರಟದ್ದು ನೀವು? ಬೇಕು ಅಂತವಾ, ಬೇಡ ಅಂತವಾ?"

ಮಾಷ್ಟ್ರು ತುಟಿ ಅಲುಗಿಸಿದರು. ಅವಳು ಬಗ್ಗಿ ನೋಡಿದಳು. ಅವರು ಇನ್ನೊಮ್ಮೆ, ನಿಧಾನವಾಗಿ, ಮಕ್ಕಳಿಗೆ ಅಕ್ಷರ ಬಿಡಿಸುವಂತೆ ಹೇಳಿದರು. ಬೇ. ಕು.

"ಅನ್ನ ಆರ್ತದೆ," ಎಂದು ಅವಳು ಎದ್ದಳು.

ಊಟವಾದ ಮೇಲೆ ಅಶ್ಮಿತಾ ವೇಗವನ್ನು ನಾಲ್ಕು ದಶಮಾಂಶ ಆರಕ್ಕೆ ಇಳಿಸಿದಳು, ವೋಲ್ಟೇಜನ್ನೂ ತುಸು ತಗ್ಗಿಸಿದಳು. "ಈಗ ಯಾರೂ ಮುಟ್ಲಿಕ್ಕಿಲ್ಲ. ಈ ಸೆಕೆಯಲ್ಲಿ ಪಾಸಾದ್ರೆ ಮತ್ತೆ ಯಾವಾಗ್ಲೂ ಪಾಸು." ಮಾಷ್ಟ್ರು ತಪ್ಪು ಮಾಡಿದ ಹುಡುಗನಂತೆ ತಲೆಯಾಡಿಸಿದರು. ಮೂವರೂ ಒಂದೊಂದು ಕುರ್ಚಿ ಎಳೆದುಕೊಂಡು ಕುಳಿತರು. ಫೆಬ್ರವರಿಯ ಮಧ್ಯಾಹ್ನ ಕಿಟಕಿಯಲ್ಲಿ ಗಾಳಿಯೇ ಇರಲಿಲ್ಲ. ಬಿಸಿ ಎಪ್ಪತ್ತೆಂಟಕ್ಕೆ ಹೋಗಿ ಅಲ್ಲೇ ನಿಂತಿತು. ಸೌದಾಮಿನಿ ಗಂಟೆಗೊಮ್ಮೆ, "ಕೆಂಪು ಬಂತಾ?" ಎಂದು ಕೇಳುತ್ತಿದ್ದಳು. ಬರಲಿಲ್ಲ. ಐದೂವರೆಗೆ ನಾಲ್ಕು ಗಂಟೆ ತುಂಬಿತು.

"ಎಂಟು ಸೆಕೆಂಡಿಗೆ ಒಂಚೂರು ಕಮ್ಮಿ. ಇಷ್ಟೇ ಮಾಷ್ಟ್ರೇ, ಇದಕ್ಕಿಂತ ಹೆಚ್ಚು ಕೇಳ್ಬೇಡಿ," ಎಂದು ಅಶ್ಮಿತಾ ಸ್ಕೂಟರು ಹತ್ತಿದಳು.

ಅವಳು ತಿರುವು ದಾಟಿದ ಮೇಲೆ ಸೌದಾಮಿನಿ ಫೋನು ಹುಡುಕಿ ತಂದು ತಾನೇ ನಂಬರು ಒತ್ತಿದಳು. "ಪಂಕಜಾಕ್ಷಿ ಟೀಚರಾ? ಇವರು ನಿಮ್ಮ ಹತ್ರ ಮಾತಾಡ್ತಾರಂತೆ. ಕಟ್ ಮಾಡ್ಬೇಡಿ," ಎಂದು ಹೇಳಿ ಫೋನನ್ನು ಸ್ಪೀಕರಿನ ಎದುರು ಇಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತಳು.

ಮಾಷ್ಟ್ರು ಟೈಪು ಮಾಡಿ ಗುಂಡಿ ಒತ್ತಿದರು.

"ಹಲೋ? ಬಸ್ಸಿನಲ್ಲಿದ್ದೇನೆ ಅಕ್ಕಾ," ಎಂದರು ಟೀಚರು. "ಕೇಳ್ತಾ ಉಂಟಾ? ಹಲೋ?"

ತಾನೇ ಉತ್ತರ ಹೇಳಲು ಸೌದಾಮಿನಿಯ ಬಾಯಿ ತೆರೆದುಕೊಂಡಿತು. ಅವಳು ಅಂಗೈಯಿಂದ ಅದನ್ನು ಮುಚ್ಚಿಕೊಂಡು ಗಂಡನನ್ನೇ ನೋಡುತ್ತ ಕುಳಿತಳು. ಫೋನಿನೊಳಗೆ ಕಂಡಕ್ಟರು ಒಂದೊಂದೇ ಸ್ಟಾಪಿನ ಹೆಸರು ಕೂಗುತ್ತಿದ್ದ.