ಹಾಡಿಗೆ ಮುಂಚಿನ ಉಸಿರು

ದುಬಾರಿ ಹೆಡ್‌ಫೋನ್ ಮಾರುವುದೆಂದರೆ ಸರಿಯಾದ ಹಾಡು ಆರಿಸುವುದು, ಅಷ್ಟೇ. ಅಂಗಡಿಯವರೆಲ್ಲ ‘ಕಿವಿಯಣ್ಣ’ ಎಂದು ಕರೆಯುತ್ತಿದ್ದ ಆ ಮಾರಾಟಗಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಿರಾಕಿಗಳು ತಮ್ಮ ಫೋನಿನ ಧಾಂಧೂಂ ಹಾಡು ಹಾಕಿಕೊಂಡು, “ಅಯ್ಯೋ, ನನ್ನ ಹಳೇದರಲ್ಲೂ ಹೀಗೇ ಕೇಳುತ್ತಲ್ರೀ!” ಎಂದು ಮೂಗು ಮುರಿಯುತ್ತಿದ್ದರು. ಮತ್ತಿನ್ನೇನು ಕೇಳಿಸೀತು? ಆ ಹಾಡುಗಳಲ್ಲಿ ಎಲ್ಲವನ್ನೂ ಒಂದೇ ಸಮ ಜೋರು ಮಾಡಿ, ಹಾಡುವವರು ಉಸಿರೆಳೆದ ಸದ್ದನ್ನೂ ಕತ್ತರಿಸಿ ಎಸೆದಿರುತ್ತಾರೆ. ಒಳ್ಳೆಯ ಹೆಡ್‌ಫೋನಿಗೆ ಬೇಕಾದದ್ದೇ ಆ ಉಸಿರು.

ಅದಕ್ಕೇ ಅವನು ಹೆಂಡತಿಯ ಹಾಡು ತಂದಿಟ್ಟ. ಮಲಗುವ ಕೋಣೆಯ ಗೋಡೆಗೆಲ್ಲ ಕಂಬಳಿ ಇಳಿಬಿಟ್ಟು, ಯಾರದೋ ಮೈಕು ಕಾಡಿಬೇಡಿ ತಂದು, ತಾನೇ ಧ್ವನಿಮುದ್ರಿಸಿದ್ದ ಹಾಡು. ಪ್ರತಿ ಸಾಲಿಗೂ ಮುಂಚೆ ಅವಳ ಉಸಿರು, ಅದರಲ್ಲಿ ಗಂಟಲಿನ ಒಂದು ಸಣ್ಣ ತೊಡರು. ಮಗು ಅಂಬೆಗಾಲಿಡುವ ಮೊದಲೇ ಅವಳು ತೀರಿಕೊಂಡಳು. ಉಳಿದದ್ದು ಇದೊಂದೇ ಹಾಡು. ಮಗಳು ಕೇಳಿದಾಗಲೆಲ್ಲ, “ದೊಡ್ಡವಳಾಗು ಪುಟ್ಟಿ, ಕೇಳಿಸ್ತೀನಿ” ಎಂದು ಸಾಗಹಾಕುತ್ತಿದ್ದ. ಅವಳೆದುರು ಅತ್ತುಬಿಟ್ಟೇನೆಂಬ ಭಯ ಅವನಿಗೆ. ಕಂಡಕಂಡವರ ಕಿವಿಗೆಲ್ಲ ಹಾಕಿದ, ಮಗಳ ಕಿವಿಗೆ ಮಾತ್ರ ಇಲ್ಲ. ಎಂಥ ಮನುಷ್ಯ ನೋಡಿ!

ಹಾಡೇನೋ ಕೈಹಿಡಿಯಿತು. ಕಣ್ಣುಮುಚ್ಚಿ ಕೇಳುತ್ತಿದ್ದ ಗಿರಾಕಿ ಯಾವುದೋ ಒಂದು ಸಾಲಿಗೆ ಮುಂಚೆ ತಟ್ಟನೆ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ತಿರುಗಿದನೆಂದರೆ ವ್ಯಾಪಾರ ಕುದುರಿದಂತೆಯೇ. ಕಿವಿಯಣ್ಣ ಮಾತ್ರ ಎಂದೂ ತಿರುಗಿದವನಲ್ಲ. ಹಿಂದೆ ಯಾರೂ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ, ಹಿಂದೆ ಹೀಗೇ ತಿರುಗಿ ನೋಡಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬಳು ತಾನು ಕೊಂಡ ಹೆಡ್‌ಫೋನ್ ಹಿಡಿದು ಬಂದಳು.

“ಯಾವ ಹಾಡು ಹಾಕಿದ್ರೂ ಮೊದಲು ಯಾರೋ ಉಸಿರೆಳ್ಕೋತಾರೆ ಕಣ್ರೀ. ವಾರ್ತೆ ಹಾಕಿದ್ರೂ ಅಷ್ಟೇ!”

“ಎಲ್ಲಾದ್ರೂ ಉಂಟೇ ಮೇಡಂ?” ಎಂದು ನಗುತ್ತ ಅವನು ಅದನ್ನು ಕಿವಿಗೇರಿಸಿ, ಒಂದು ವಾದ್ಯಸಂಗೀತ ಹಾಕಿದ. ಪಿಟೀಲು ಶುರುವಾಗುವ ಮುನ್ನ ಒಂದು ಉಸಿರು. ಅದೇ ತೊಡರು.

ಅವನು ತಟ್ಟನೆ, ತಾನು ಕೇಳಿ ಎಷ್ಟೋ ತಿಂಗಳಾಗಿದ್ದ ಹೆಂಡತಿಯ ಹಾಡು ಹಾಕಿ ನೋಡಿದ. ಮೊದಲ ಸಾಲು ಉಸಿರಿಲ್ಲದೆ ಶುರುವಾಯಿತು. ಎರಡನೆಯದೂ ಹಾಗೆಯೇ. ಸ್ವರ ಇತ್ತು, ಮಾತು ಇತ್ತು, ಆದರೆ ಹಾಡುತ್ತಿದ್ದವಳು ಬದುಕಿದ್ದವಳಂತೆ ಕೇಳಿಸಲಿಲ್ಲ. ಕೊನೆಯ ಸಾಲಿಗೆ ಮುಂಚೆ ಮಾತ್ರ ಒಂದು ಉಸಿರು ಉಳಿದಿತ್ತು. ತಿರುಗಿ ನೋಡಿದವರೆಲ್ಲ ಒಂದೊಂದು ಉಸಿರನ್ನು ಕೊಂಡೊಯ್ದಿದ್ದರು.

“ಇದನ್ನ ವಾಪಸ್ ಕೊಟ್ಬಿಡಿ ಮೇಡಂ, ಹೊಸದು ಕೊಡ್ತೀನಿ” ಎಂದ.

ಡಾಕ್ಟರಮ್ಮ ಅವನ ಮುಖ ನೋಡಿ, ಅದೇನನ್ನಿಸಿತೋ, ಹೆಡ್‌ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. “ಬೇಡ ಬಿಡಿ. ಒಬ್ಬಳೇ ಇರ್ತೀನಿ. ಯಾರೋ ಇದ್ದ ಹಾಗಿರುತ್ತೆ.”

ಅವಳು ಹೋದ ಮೇಲೆ ಅವನು ಬಾಗಿಲಿಗೆ ಬೆನ್ನು ಹಾಕಿ ಕೂತು, ಕೊನೆಯ ಸಾಲಿನವರೆಗೂ ಕೇಳಿದ. ಒಂದು ಸಲ ತಿರುಗಿದರೆ ಸಾಕು, ಆ ಉಸಿರು ತನ್ನದು. ಆಸೆಗೆ ಕತ್ತು ತುಡಿಯಿತು. ತಿರುಗಬೇಕು ಎನ್ನುವಷ್ಟರಲ್ಲಿ ಹೆಗಲ ಮೇಲೆ ಪುಟ್ಟ ಕೈಯೊಂದು ಬಿತ್ತು.

“ಅಪ್ಪಾ, ಸ್ಕೂಲು ಬೇಗ ಬಿಡ್ತು. ಏನ್ ಕೇಳ್ತಿದ್ದೀಯಾ?”

ಹಾಡು ನಿಲ್ಲಿಸಿದ. ಇಷ್ಟು ವರ್ಷ ತಡೆದವನು ಇನ್ನೂ ತಡೆಯಬಹುದಿತ್ತು. ಆದರೆ ಎಲ್ಲರಿಗೂ ಸಿಕ್ಕಿದ್ದು ಇವಳಿಗೇ ಸಿಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಂಗಡಿಯಲ್ಲಿದ್ದ ಅತ್ಯುತ್ತಮ ಹೆಡ್‌ಫೋನ್ ತೆಗೆದು ಅವಳ ಅಳತೆಗೆ ಬಿಗಿಮಾಡಿ, ಕಿವಿಗಿಟ್ಟ.

“ನಿಮ್ಮಮ್ಮ” ಎಂದಷ್ಟೇ ಹೇಳಿದ.

ಅವಳು ಅಲುಗಾಡದೆ ಕೇಳಿದಳು. ಕೊನೆಯ ಸಾಲು ಬರುವ ಹೊತ್ತಿಗೆ ತಿರುಗಿ, ಖಾಲಿ ಬಾಗಿಲ ಕಡೆ ನೋಡಿ, ನಾಚುತ್ತ ನಕ್ಕಳು.

“ಅಪ್ಪಾ, ಅಲ್ಲಿ ನಿಂತಿರೋ ಅಕ್ಕ ಯಾರು?”

ಈಗ, ಮೊಟ್ಟಮೊದಲ ಬಾರಿಗೆ, ಅವನೂ ತಿರುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಿದ್ದಳು, ಕಿವಿಯಲ್ಲಿ ಏನೂ ಇರಲಿಲ್ಲ. ಮನೆ ಹತ್ತಿರವಾದಾಗ ಅವಳು ಏನೋ ಹೇಳಲು ಬಾಯಿ ತೆರೆದಳು. ಮಾತಿಗೆ ಮುಂಚೆ ಉಸಿರೆಳೆದುಕೊಂಡಳು, ಅದರಲ್ಲಿ ಗಂಟಲಿನ ಒಂದು ಸಣ್ಣ ತೊಡರಿತ್ತು.

“ಅಪ್ಪಾ…”

ತಿರುಗಿದರೆ ಅವಳಿಂದ ಅದೂ ಹೋದೀತೆಂದು, ಅವಳ ಕಡೆ ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಆ ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದು, ಅವಳು ಇನ್ನೊಂದು ಮಾತಾಡಲಿ ಎಂದು ಕಾದ.