ಕೆಡಿಸಿದವರು, ಸರಿಪಡಿಸಿದವರು

ನನ್ನ ಹೆಂಡತಿಯ ತಮ್ಮ ಮೂರು ತಿಂಗಳು ನಮ್ಮ ಊಟದ ಮೇಜಿನ ಮೂಲೆ ಹಿಡಿದು, ನನ್ನದೇ ಹಳೆಯ ಲ್ಯಾಪ್‌ಟಾಪಿನಲ್ಲಿ, ನನ್ನದೇ ಲೈಬ್ರರಿಯ ದೋಷ ಹುಡುಕಿದ. ಹುಡುಕಲಿ, ಕೆಲಸವಿಲ್ಲದವನಿಗೆ ಇನ್ನೇನು! ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ, ಯಾರು ಬೇಕಾದರೂ ಬಳಸಬಹುದಾದ ಪೈಥಾನ್ ಕೋಡು ಅದು. ಹನ್ನೊಂದು ವರ್ಷದಿಂದ ನಾನು ಸಾಕಿದ್ದು. ಸಂಪರ್ಕ ಕಡಿದು ಮತ್ತೆ ಕೂಡಿಕೊಳ್ಳುವಾಗ ಕೊನೆಯ ಸಂದೇಶ ಮಾಯವಾಗುತ್ತಿತ್ತು. ಘಟಾನುಘಟಿಗಳೇ ಕೈಚೆಲ್ಲಿದ್ದರು. ಈ ಪೆದ್ದು ಹಿಡಿದುಬಿಟ್ಟ.

ನಮ್ಮಲ್ಲೊಂದು ರೂಢಿಯಿದೆ, ನಾನೇ ತಂದದ್ದು. ಲೈಬ್ರರಿಯ ಪ್ರತಿ ಹೊಸ ಆವೃತ್ತಿಯ ಜೊತೆ ಪ್ರಕಟಿಸುವ ಪಟ್ಟಿಯಲ್ಲಿ ಮೇಲೆ ಹೊಸ ಸೌಲಭ್ಯಗಳು, ಕೆಳಗೆ ತಿದ್ದಿದ ದೋಷಗಳು. ಪ್ರತಿ ದೋಷದ ಮುಂದೆ ಎರಡು ಹೆಸರು: ಕೆಡಿಸಿದವರು, ಸರಿಪಡಿಸಿದವರು. ಹಾಗೆ ಎಷ್ಟು ಜನರ ಮಾನ ಹರಾಜು ಹಾಕಿದ್ದೇನೋ, ನನಗೇ ನೆನಪಿಲ್ಲ.

"ಭಾವ, ಗುರುವಾರ ಸಂದರ್ಶನ ಇದೆ. ಅವರೂ ಇದನ್ನೇ ಬಳಸ್ತಾರಂತೆ. ಪಟ್ಟೀಲಿ ನನ್ನ ಹೆಸರು ಬಂದ್ರೆ ಕೆಲಸ ಸಿಕ್ಕ ಹಾಗೇನೇ. ಇಲ್ದಿದ್ರೆ ನನ್ನನ್ನ ಯಾರು ಕೇಳ್ತಾರೆ ಹೇಳಿ?"

"ಬರುತ್ತೆ ಕಣಯ್ಯ, ಹೋಗು," ಅಂದೆ.

ಅವನು ಬರೆದುಕೊಟ್ಟ ಸಾಲಿನಲ್ಲಿ ಕೆಡಿಸಿದವರ ಜಾಗದಲ್ಲಿ 'ಗೊತ್ತಿಲ್ಲ' ಎಂದಿತ್ತು. ಅನುಮಾನ ಬಂದು ಕೋಡಿನ ಇತಿಹಾಸ ತೆಗೆದು ನೋಡಿದೆ. ಯಾವ ಸಾಲನ್ನು ಯಾರು, ಯಾವತ್ತು ಬರೆದರು ಅನ್ನುವುದೆಲ್ಲ ಅಲ್ಲಿರುತ್ತದೆ. ನಾಲ್ಕು ವರ್ಷದ ಹಿಂದೆ ಆ ದರಿದ್ರ ಸಾಲು ಬರೆದವನು ನಾನು! ಮೈಯೆಲ್ಲ ಉರಿಯಿತು. ನನ್ನ ಮನೆಯ ಉಪ್ಪು ತಿನ್ನುವವನು ನನಗೇ ಕರುಣೆ ತೋರಿಸುವುದೇ? ಕೆಡಿಸಿದವರ ಜಾಗದಲ್ಲಿ ಅವನ ಹೆಸರು ಬರೆದೆ, ಸರಿಪಡಿಸಿದವರ ಜಾಗದಲ್ಲಿ ನನ್ನದು. ಪ್ರಕಟಿಸಿ ಸ್ನಾನಕ್ಕೆ ಹೋದೆ.

ಗುರುವಾರ ಮಧ್ಯಾಹ್ನ ಸಂದರ್ಶನ ಮುಗಿಸಿ ಜೋಲುಮುಖ ಹಾಕಿಕೊಂಡು ಬಂದ. ಅಷ್ಟರಲ್ಲಿ ಹೆಂಡತಿಯೂ ಪಟ್ಟಿ ನೋಡಿದ್ದಳು.

"ಭಾವನ ಹೆಸರು ಕೆಡಿಸೋಕೆ ಬಂದ್ಯೇನೋ ಇಲ್ಲಿಗೆ?" ಎಂದು ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

ಅವನು ಚೆಲ್ಲಿದ ಅನ್ನವನ್ನು ಬಾಚಿ ತಟ್ಟೆಗೆ ಹಾಕಿಕೊಂಡ. ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದೆ, "ಇತಿಹಾಸ ತೋರಿಸಿದ್ಯಾ ಅವರಿಗೆ?"

"ಇಲ್ಲ ಭಾವ. ತೋರಿಸಿದ್ರೆ ನಿಮ್ಮ ಮರ್ಯಾದೆ ಏನಾಗ್ತಿತ್ತು? ಕೈತಪ್ಪಿ ಹೆಸರು ಅದಲುಬದಲಾಗಿದೆ, ನಮ್ಮ ಭಾವ ತಿದ್ತಾರೆ ಅಂದೆ. ಸೋಮವಾರದವರೆಗೆ ಕಾಯ್ತಾರಂತೆ."

ಅಬ್ಬ, ಹೋದ ಜೀವ ಬಂತು!

ಭಾನುವಾರ ಇನ್ನೊಂದು ಆವೃತ್ತಿ ಬಿಟ್ಟೆ, ಹಳೆಯ ಪಟ್ಟಿಯ ಹೆಸರುಗಳನ್ನು ಮುಟ್ಟದೆ. ಹೊಸ ಸೌಲಭ್ಯ ಒಂದೇ: ಹಳೆಯ ಇತಿಹಾಸವನ್ನೆಲ್ಲ ತೆಗೆದುಹಾಕಿ ಲೈಬ್ರರಿಯ ಕೋಡನ್ನು ಹಗುರ ಮಾಡಲಾಗಿದೆ. ಅವನ ಹತ್ತಿರವಿದ್ದ ಪ್ರತಿಯೂ ಉಳಿಯದಂತೆ ಹಳೆಯ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡಿದೆ. ಬೇರೆಯವರ ಹತ್ತಿರ ಆ ಇತಿಹಾಸದ ಪ್ರತಿಗಳಿರಬಹುದು. ಆದರೆ ಕೆಡಿಸಿದವನೆಂದು ಹೆಸರಾದವನ ಮಾತಿಗೆ ಯಾರು ಹುಡುಕಿ ಕೊಡುತ್ತಾರೆ?

ಸೋಮವಾರ ಬೆಳಗ್ಗೆ ಅವನು ಲ್ಯಾಪ್‌ಟಾಪ್ ತೆರೆದ, ಖಾಲಿ ಪರದೆ ಕಂಡು ಮುಚ್ಚಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಪರವಾಗಿಲ್ಲ ಭಾವ, ನಿಜ ಏನೂಂತ ಅಕ್ಕನಿಗೆ ಮಾತ್ರ ಹೇಳ್ಬೇಡಿ, ನೊಂದ್ಕೋತಾಳೆ," ಅಂದ.

ಹೇಳುವುದಿಲ್ಲವೆಂದು ಮಾತು ಕೊಟ್ಟೆ.