ಮಶಿ ಎಂಬ ಗುಣವಾಚಕ

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರಿಗೆ ಇಂಗ್ಲಿಷ್ ಹೇಳಿಕೊಡಲು ಹೋಗುವುದೆಂದರೆ ಸುಮ್ಮನೆಯೇ? ಅದರಲ್ಲೂ ಬೋಳಾರದ ಬರ್ನಡೆಟ್ ಟೀಚರಿಗೆ ಕೋಪ ಮೂಗಿನ ತುದಿಯಲ್ಲೇ.

ಅವರ ಗಂಡ ರಾಫೆಲ್ ಅವರಿಗೆ ಸ್ಟ್ರೋಕ್ ಆದ ಮೇಲೆ ಗಂಟಲು ಸೋತುಹೋಗಿತ್ತು. ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆಗೆ ಹೋಗುವುದೆಲ್ಲ ಮೂಗಿಗೆ ಹಾಕಿದ ನಳಿಗೆಯಲ್ಲಿ. ಇವತ್ತು ನುಂಗುವ ಪರೀಕ್ಷೆ. ಸರಿಯಾಗಿ ನುಂಗಿದರೆ ನಳಿಗೆ ತೆಗೆಯುತ್ತಾರೆ. ಇಲ್ಲವಾದರೆ ಹೊಟ್ಟೆಗೇ ತೂತು ಮಾಡಿ ಹಾಕಬೇಕಾದೀತು ಎಂದಿದ್ದರು ಡಾಕ್ಟರು. ಮೀನುಸಾರನ್ನು ಬೆರಳು ನೆಕ್ಕಿ ಉಣ್ಣುತ್ತಿದ್ದ ಮನುಷ್ಯನಿಗೆ ಈ ಗತಿಯೇ, ದೇವಾ! ಅದನ್ನು ಕೇಳಿದಂದಿನಿಂದ ಟೀಚರಿಗೂ ಊಟ ಸೇರುತ್ತಿರಲಿಲ್ಲ.

ನುಂಗುವುದನ್ನು ಮತ್ತೆ ಅಭ್ಯಾಸ ಮಾಡಿಸುವ ತೆರಪಿಸ್ಟ್ ಸ್ಮೃತಿ ಹಿಂದಿನ ದಿನ ಹೇಳಿದ್ದು ಇಷ್ಟೇ: "ಆಂಟಿ, ನಾಳೆ ಮನೆಯಿಂದ ಎಂತದಾದ್ರೂ ಮಶಿಯಾಗಿರುವುದು ತನ್ನಿ."

ಮಶಿ! ಟೀಚರಿಗೆ ಗೊತ್ತಿಲ್ಲದ ಇಂಗ್ಲಿಷ್ ಶಬ್ದವೇ ಅದು? ಕ್ರಂಚಿಗೆ ಚಕ್ಕುಲಿ, ಮಶಿಗೆ ಬೆಂದು ಪಿಚಿಪಿಚಿಯಾದ ಅನ್ನ ಎಂದು ಎಷ್ಟು ಮಕ್ಕಳಿಗೆ ಉದಾಹರಣೆ ಕೊಟ್ಟಿದ್ದರು! ಮನೆಯಲ್ಲಂತೂ ಅದು ಬೈಗುಳವೇ. ಅಪರೂಪಕ್ಕೆ ರಾಫೆಲ್ ಅನ್ನಕ್ಕಿಟ್ಟರೆ ಟೀಚರು "ಪುನಃ ಮಶಿ!" ಎಂದು ತಟ್ಟೆ ದೂಡುತ್ತಿದ್ದರು. ಇನ್ನು ಕಾಯಿಲೆಯವರಿಗೆ ಮೆತ್ತಗಿನದ್ದೆಂದರೆ ಈ ಊರಿನಲ್ಲಿ ಗಂಜಿ ತಾನೇ? ಕುಚ್ಚಲಕ್ಕಿಯನ್ನು ಚೆನ್ನಾಗಿ ಬೇಯಿಸಿ, ಫ್ಲಾಸ್ಕಿಗೆ ತುಂಬಿಸಿ, ಕದ್ರಿಯ ಆಸ್ಪತ್ರೆಗೆ ತಂದರು.

ಸ್ಮೃತಿ ಸ್ವಲ್ಪ ಗಂಜಿಯನ್ನು ತಟ್ಟೆಗೆ ಸುರಿದು ಓರೆ ಮಾಡಿದಳು. ತಿಳಿ ಸರ್ರನೆ ಮುಂದೆ ಓಡಿತು, ಅಗುಳೆಲ್ಲ ಹಿಂದೆ ಉಳಿಯಿತು.

"ಇದು ಮಶಿ ಅಲ್ಲ ಆಂಟಿ."

"ಎಂತ ಮಾರಾಯ್ತಿ, ನನಗೇ ಇಂಗ್ಲಿಷ್ ಕಲಿಸ್ತೀಯಾ? ಅಗುಳು ಹಿಚುಕಿ ನೋಡು, ಬೆಣ್ಣೆ!"

"ಅಗುಳೇನೋ ಮೆತ್ತಗೆ ಉಂಟು. ಆದ್ರೆ ನೀರು ಬೇರೆ, ಅಗುಳು ಬೇರೆ ಅಲ್ವಾ? ಅಂಕಲ್ ಅಗುಳನ್ನು ನುಂಗುವಷ್ಟರಲ್ಲಿ ನೀರು ಶ್ವಾಸನಾಳಕ್ಕೆ ಹೋಗ್ತದೆ. ಎಲ್ಲ ಒಂದೇ ಆಗಿರಬೇಕು. ಚಮಚ ಓರೆ ಮಾಡಿದ್ರೆ ಒಟ್ಟಿಗೇ ಜಾರಬೇಕು, ನೀರು ಬಿಡಬಾರದು."

ಟೀಚರು ಫ್ಲಾಸ್ಕಿನ ಮುಚ್ಚಳ ಬಿಗಿದು ಮುಚ್ಚಿದರು. ಕೈಯಾರೆ ಈ ಗಂಜಿ ಕುಡಿಸಿಬಿಟ್ಟಿದ್ದರೆ? ಬಂದ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ನಾನು ಸಂಜೆವರೆಗೆ ಇರ್ತೇನೆ, ಬೇರೆ ಮಾಡಿ ತನ್ನಿ" ಎಂದಳು ಸ್ಮೃತಿ.

ಆಟೋ ಹಿಡಿದು ಮನೆಗೆ ಓಡಿದರು. ಸುದ್ದಿ ಕೇಳಿದ ಮಗಳು ಎಲೇನ್, "ಅದೇ ಗಂಜಿಯನ್ನು ಮಿಕ್ಸಿಗೆ ಹಾಕಿದ್ರಾಯ್ತಲ್ಲ ಮಮ್ಮಿ?" ಎಂದಳು. ಹಾಕಿ ನೋಡಿದರು; ಕಾಗದ ಅಂಟಿಸುವ ಗೋಂದಿನ ಹಾಗೆ ಚಮಚಕ್ಕೆ ಅಂಟಿಕೊಂಡಿತು. ಇದು ಸ್ಟಿಕಿ, ಮಶಿ ಅಲ್ಲ! ಗಂಟಲಲ್ಲೇ ಕೂತರೆ ಯಾರಿಗೆ ಬೇಕು ಆ ಗ್ರಹಚಾರ? ಕೊನೆಗೆ ರಾಗಿ ಹುಡಿ ಕಲಸಿ, ಸೋಸಿ, ಹಾಲು ಬೆಲ್ಲ ಹಾಕಿ ಮಣ್ಣಿ ಕಾಯಿಸಲು ನಿಂತರು.

"ನಿನಗೂ ನಿನ್ನ ಅಣ್ಣನಿಗೂ ಮೊಟ್ಟಮೊದಲು ತಿನ್ನಿಸಿದ್ದು ಇದನ್ನೇ" ಎಂದು ಮಗಳಿಗೆ ಹೇಳಿದರು. ಕೈ ಮಾತ್ರ ಬಿಡದೆ ತೊಳಸುತ್ತಿತ್ತು. ಗಂಟಿಲ್ಲ, ನೀರಿಲ್ಲ. ಚಮಚ ಓರೆ ಮಾಡಿದರು. ಮಣ್ಣಿ ಮೆಲ್ಲಗೆ, ಒಟ್ಟಿಗೇ ಜಾರಿತು. ಆರಿದರೆ ಗಟ್ಟಿಯಾದೀತೆಂದು ಬಿಸಿಬಿಸಿಯಾಗಿಯೇ ಫ್ಲಾಸ್ಕಿಗೆ ತುಂಬಿಸಿ, ಮಗಳನ್ನೂ ಹೊರಡಿಸಿದರು.

ಸ್ಮೃತಿ ರಾಫೆಲ್ ಅವರನ್ನು ನೆಟ್ಟಗೆ ಕೂರಿಸಿ, ಗಲ್ಲ ತಗ್ಗಿಸಿ, "ನೀವೇ ಕೊಡಿ ಆಂಟಿ. ಅರ್ಧ ಚಮಚ ಸಾಕು" ಎಂದಳು.

ಟೀಚರು ಮಣ್ಣಿಯನ್ನು ಆರಿಸಿ ಗಂಡನ ಬಾಯಿಗಿಟ್ಟರು. ರಾಫೆಲ್ ಅವರ ನಾಲಿಗೆ ಆಡಿತು, ನಿಂತಿತು. ಟೀಚರು ಚಮಚ ಹಿಡಿದೇ ಬಗ್ಗಿ ನೋಡಿದರು. ಆಮೇಲೆ ಗಂಟಲ ಮಣಿ ಒಮ್ಮೆ ಮೇಲೇರಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ.

"ಈಗ ಒಂದು 'ಆ' ಹೇಳಿ ಅಂಕಲ್" ಎಂದು ಸ್ಮೃತಿ ಬಗ್ಗಿ ಕಿವಿಗೊಟ್ಟಳು. "ಸ್ವರ ಗೊರಗೊರ ಅಂದ್ರೆ ಗಂಟಲಲ್ಲಿ ಉಳಿದಿದೆ ಅಂತ ಲೆಕ್ಕ, ಆಂಟಿ."

ರಾಫೆಲ್ 'ಆ' ಎನ್ನಲಿಲ್ಲ. ಹೆಂಡತಿಯ ಮುಖವನ್ನೇ ನೋಡಿದರು. ತುಟಿ ಒಂದು ಬದಿಗೆ ಎಳೆಯಿತು. ಸ್ವರ ಮಾತ್ರ ಸ್ವಚ್ಛವಾಗಿತ್ತು:

"ಇನ್ನೂ... ಕೊಡು."

"ಇದಕ್ಕಿಂತ ಒಳ್ಳೆ 'ಆ' ಬೇಕಾ!" ಎಂದು ಸ್ಮೃತಿ ಜೋರಾಗಿ ನಕ್ಕಳು. ಹೋದ ಜೀವ ಬಂದಂತಾಗಿ ಬರ್ನಡೆಟ್ ಟೀಚರು ವಾರ್ಡಿನಲ್ಲಿ ಎಲ್ಲರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟರು. ಅವರಿಗೆ ಕಣ್ಣೊರೆಸಿ ಮುಗಿಯದೆ, ಎರಡನೆಯ ಚಮಚವನ್ನು ಎಲೇನಳೇ ಕೊಡಬೇಕಾಯಿತು.